ಎರಡು ಹಳೆಯ ಯೆಜ್ಡಿ, ಒಂದೇ ಮಾದರಿ: ಯಾವುದನ್ನು ಕೊಳ್ಳಬೇಕು?

[ಪರದೆ ಎರಡು ಭಾಗ. ಎಡಕ್ಕೆ ಮಿರುಗುವ ಕಪ್ಪು ಯೆಜ್ಡಿ, ಬಲಕ್ಕೆ ಮಾಸಿದ ಇನ್ನೊಂದು.]

ನಮಸ್ಕಾರ. ಎಡಗಡೆ ಕಾಣುವ ಯೆಜ್ಡಿ ಬೈಕ್ ಮೈಸೂರಿನ ಮಂಡಿ ಮೊಹಲ್ಲಾದ ಒಂದು ಅಂಗಡಿಯ ಮುಂದೆ ನಿಂತಿದೆ. ಟ್ಯಾಂಕಿನ ಕ್ರೋಮ್‌ನಲ್ಲಿ ಮುಖ ನೋಡಿಕೊಂಡು ತಲೆ ಬಾಚಿಕೊಳ್ಳಬಹುದು. ಬಲಗಡೆಯದು ಪಾಂಡವಪುರದ ಕಡೆಯ ಒಂದು ಹಳ್ಳಿಯ ಕೊಟ್ಟಿಗೆಯದು. ಸೀಟು ಹರಿದಿದೆ, ಹಾಲಿನ ಕ್ಯಾನ್ ಕಟ್ಟಿ ಕಟ್ಟಿ ಕ್ಯಾರಿಯರಿನ ಬಣ್ಣ ಎದ್ದುಹೋಗಿದೆ. ಎರಡೂ 250 ಸಿಸಿಯ ಕ್ಲಾಸಿಕ್ ಎಂಬ ಮಾದರಿ, ಎರಡೂ ಎಂಬತ್ತರ ದಶಕದವು. ಅಂಗಡಿಯವರು ಹೇಳುತ್ತಿರುವ ಬೆಲೆ ಹಳ್ಳಿಯವರದ್ದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು. ಎರಡನ್ನೂ ನೋಡಿ ಬಂದ ನನ್ನ ಸೋದರಳಿಯ "ಯಾವುದು ಮಾವ?" ಎಂದು ಪ್ರಾಣ ತಿನ್ನುತ್ತಿದ್ದಾನೆ.

ಬಣ್ಣ ನೋಡಿ ಬೆಲೆ ಕಟ್ಟಬೇಡ ಎನ್ನುವುದೇ ನನ್ನ ಉತ್ತರ. ಹಳೆಯ ಬೈಕಿನಲ್ಲಿ ಎಲ್ಲಕ್ಕಿಂತ ಸುಲಭವಾಗಿ ಹೊಸದಾಗುವುದು ಬಣ್ಣವೇ. ದುಡ್ಡು ನುಂಗುವುದು ಎಂಜಿನ್ನಿನ ಕೆಳಭಾಗ, ತಲೆ ತಿನ್ನುವುದು ಆರ್‌ಟಿಒ ಕಾಗದ.

[ಯಾದವಗಿರಿ ರಸ್ತೆಯ ದೃಶ್ಯ]

ಹಿನ್ನೆಲೆ ಚುಟುಕಾಗಿ. ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದು ಇಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಬೈಕ್ ತಯಾರಿಕೆ ಆರಂಭಿಸಿತು. ಎಪ್ಪತ್ತರ ದಶಕದಲ್ಲಿ ಟ್ಯಾಂಕಿನ ಮೇಲಿನ ಹೆಸರು ಯೆಜ್ಡಿ ಎಂದಾಯಿತು. 1978ರಲ್ಲಿ ರೋಡ್‌ಕಿಂಗ್ ಎಂಬ ಇನ್ನೊಂದು ಮಾದರಿ ಬಂತು. 1996ರಲ್ಲಿ ಬಾಗಿಲು ಮುಚ್ಚಿತು. ಅಂದರೆ ಆ ಕಾರ್ಖಾನೆಯಿಂದ ಬಂದ ಯಾವ ಯೆಜ್ಡಿಯನ್ನೇ ಕೊಂಡರೂ ಅದು ಇಪ್ಪತ್ತೈದು ವರ್ಷ ದಾಟಿದ ಗಾಡಿಯೇ.

ಹೆಸರು ಬದಲಾದರೂ ಜಾವಾ ಮತ್ತು ಯೆಜ್ಡಿ ಕ್ಲಾಸಿಕ್ ಹೆಚ್ಚು ಬದಲಾಗಲಿಲ್ಲ. ಒಂದರ ಟ್ಯಾಂಕು ಇನ್ನೊಂದಕ್ಕೆ ಕೂರುತ್ತದೆ. ಇದು ರಿಪೇರಿಗೆ ವರ, ಕೊಳ್ಳುವವನಿಗೆ ಶಾಪ. ಎಂಬತ್ತರ ದಶಕದ ಯೆಜ್ಡಿಗೆ ಜಾವಾ ಟ್ಯಾಂಕು, ಜಾವಾ ಲಾಂಛನ ಹಾಕಿ "ಅರವತ್ತರ ದಶಕದ ಜಾವಾ" ಎಂದು ಮಾರುವವರು ಇದ್ದಾರೆ. ತಯಾರಾದ ವರ್ಷವನ್ನು ಆರ್‌ಸಿಯಲ್ಲಿ ಓದಿ, ಟ್ಯಾಂಕಿನ ಮೇಲಲ್ಲ.

[ಅಂಗಡಿಯ ಬೈಕ್. ಸಿಲಿಂಡರಿನ ಮೇಲೆ ಅಂಗೈ.]

ಈಗ ಕೈ ಹಚ್ಚೋಣ. ಮೊದಲು ಸಿಲಿಂಡರ್ ಮುಟ್ಟಿ ನೋಡಿ. ನಾವು ಹೋದಾಗ ಅಂಗಡಿಯ ಬೈಕಿನ ಸಿಲಿಂಡರ್ ಬೆಚ್ಚಗಿತ್ತು. ನಾವು ಬರುವ ಮೊದಲೇ ಚಾಲೂ ಮಾಡಿ ಇಟ್ಟಿದ್ದರು. ಬಿಸಿ ಎಂಜಿನ್ ಒಂದೇ ಒದೆತಕ್ಕೆ ಚಾಲೂ ಆದರೆ ಅದರಿಂದ ಏನೂ ತಿಳಿಯುವುದಿಲ್ಲ. "ನಾಳೆ ಬೆಳಿಗ್ಗೆ ಬರುತ್ತೇವೆ, ಅಲ್ಲಿಯವರೆಗೆ ಮುಟ್ಟಬೇಡಿ" ಎಂದು ಹೇಳಿ ಬನ್ನಿ.

ಯೆಜ್ಡಿಗೆ ಕಿಕ್ಕರ್ ಮತ್ತು ಗೇರ್ ಲಿವರ್ ಎರಡೂ ಒಂದೇ, ಅದೂ ಎಡಗಡೆ. ಲಿವರನ್ನು ಮೇಲಕ್ಕೆ ತಿರುಗಿಸಿ ಒದೆಯುವುದು, ಚಾಲೂ ಆದ ಮೇಲೆ ಮುಂದಕ್ಕೆ ಇಳಿಸಿ ಗೇರ್ ಹಾಕುವುದು. ಒದೆಯುವಾಗ ಕಾಲು ಸರ್ರೆಂದು ಕೆಳಗಿಳಿದರೆ ಒಳಗಿನ ಹಲ್ಲು ಸವೆದಿದೆ ಎಂದು ಅರ್ಥ.

[ಹಿಂದಿನಿಂದ ಎರಡು ಸೈಲೆನ್ಸರ್‌ಗಳ ಸಮೀಪ ದೃಶ್ಯ]

ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಎರಡರ ಹಿಂದೆಯೂ ಒಂದೊಂದು ಅಂಗೈ ಹಿಡಿಯಿರಿ, ಸುಟ್ಟುಕೊಳ್ಳದಷ್ಟು ದೂರದಲ್ಲಿ. ಎರಡೂ ಕೈಗೆ ಒಂದೇ ಬಲದಲ್ಲಿ ಗಾಳಿ ಬಡಿಯಬೇಕು. ಒಂದು ಕಡೆ ಕಡಿಮೆಯಾದರೆ ಅಲ್ಲಿ ಮಸಿ ಕಟ್ಟಿಕೊಂಡಿದೆ. ದೊಡ್ಡ ದೋಷವಲ್ಲ, ಸೈಲೆನ್ಸರ್ ಬಿಚ್ಚಿ ಒಳಗಿನ ಮಸಿ ಸುಟ್ಟರೆ ಸರಿಹೋಗುತ್ತದೆ.

ಹೊಗೆಯ ಕಥೆ ಬೇರೆ. ಇದು ಟೂ ಸ್ಟ್ರೋಕ್ ಎಂಜಿನ್, ಪೆಟ್ರೋಲಿನಲ್ಲೇ ಆಯಿಲ್ ಬೆರೆಸುವುದು, ಆದ್ದರಿಂದ ಸ್ವಲ್ಪ ಹೊಗೆ ಸಹಜ. ಎಂಜಿನ್ ಬಿಸಿಯಾದ ಮೇಲೂ ದಟ್ಟವಾಗಿ ಬರುತ್ತಿದ್ದರೆ ಕ್ರ್ಯಾಂಕಿನ, ಅಂದರೆ ಪಿಸ್ಟನ್ ತಿರುಗಿಸುವ ದಂಡದ, ಎಡಗಡೆಯ ಆಯಿಲ್ ಸೀಲಿನ (ಎಣ್ಣೆ, ಗಾಳಿ ಒಳನುಗ್ಗದಂತೆ ತಡೆಯುವ ರಬ್ಬರ್ ಬಳೆ) ಮೇಲೆ ಅನುಮಾನ ಪಡಬೇಕು. ಆ ಬದಿಯಲ್ಲಿ ಪ್ರೈಮರಿ ಚೈನ್ (ಎಂಜಿನ್ನಿನಿಂದ ಕ್ಲಚ್ಚಿಗೆ ಹೋಗುವ ಚೈನು) ಮತ್ತು ಕ್ಲಚ್ ಎಣ್ಣೆಯಲ್ಲೇ ಮುಳುಗಿರುತ್ತವೆ. ಸೀಲ್ ಸೋತರೆ ಎಂಜಿನ್ ಆ ಗೇರ್ ಆಯಿಲನ್ನು ಎಳೆದುಕೊಂಡು ಸುಡುತ್ತದೆ. ಪಾಂಡವಪುರದ ಯಜಮಾನರು ಇದನ್ನು ಮುಚ್ಚಿಡಲಿಲ್ಲ. "ಹೊಗೆ ಜಾಸ್ತಿ ಸ್ವಾಮಿ, ಆಗಾಗ ಗೇರ್ ಆಯಿಲ್ ಹಾಕುತ್ತಲೇ ಇರಬೇಕು" ಎಂದರು. ಅವರಿಗೆ ಗೊತ್ತಿಲ್ಲದೆಯೇ ರೋಗದ ಹೆಸರು ಹೇಳಿಬಿಟ್ಟರು. ಸೀಲಿನ ಬೆಲೆ ಅಲ್ಪ, ಖರ್ಚೆಲ್ಲ ಬಿಚ್ಚುವ ಕೂಲಿಯದ್ದು.

ಬಲಗಡೆಯ ಸೀಲ್ ಹೆಚ್ಚು ಮೋಸಗಾರ. ಅಲ್ಲಿ ಇರುವುದು ಡೈನಮೊ, ಎಣ್ಣೆ ಇಲ್ಲ. ಆ ಸೀಲ್ ಹೋದರೆ ಹೊಗೆ ಕಾಣುವುದಿಲ್ಲ, ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಪೆಟ್ರೋಲಿನ ಪಾಲು ಕಡಿಮೆಯಾಗಿ ಎಂಜಿನ್ ಅತಿಯಾಗಿ ಕಾಯುತ್ತದೆ, ಒಂದು ದಿನ ಪಿಸ್ಟನ್ ಸಿಲಿಂಡರಿನಲ್ಲೇ ಕಚ್ಚಿಕೊಂಡು ನಿಂತುಬಿಡುತ್ತದೆ. ಆಕ್ಸಿಲರೇಟರ್ ಬಿಟ್ಟ ಮೇಲೂ ಎಂಜಿನ್ ವೇಗ ತಕ್ಷಣ ಇಳಿಯದೆ ಮೇಲೆಯೇ ತೂಗಾಡುತ್ತಿದ್ದರೆ ಎಚ್ಚರವಾಗಿರಿ. ಅಂಗಡಿಯ ಬೈಕಿನಲ್ಲಿ ನಾವು ಕಂಡದ್ದು ಇದನ್ನೇ. "ಕಾರ್ಬುರೇಟರ್ ಟ್ಯೂನಿಂಗ್ ಅಷ್ಟೇ" ಎಂದರು. ಇರಬಹುದು. ಹಾಗಿದ್ದರೆ ನಮ್ಮೆದುರಿಗೇ ಟ್ಯೂನ್ ಮಾಡಿ ತೋರಿಸಲಿ.

[ಸ್ಪಾರ್ಕ್ ಪ್ಲಗ್ ಬಿಚ್ಚುವ ಕೈ]

ಪ್ಲಗ್ ಬಿಚ್ಚಿ, ಪಿಸ್ಟನ್ ಮೇಲೆ ಬರುವಂತೆ ಮಾಡಿ, ಬಲಗಡೆಯ ಮುಚ್ಚಳ ತೆಗೆದು ಡೈನಮೊವನ್ನು ಕೈಯಲ್ಲೇ ಹಿಂದಕ್ಕೆ ಮುಂದಕ್ಕೆ ಅಲ್ಲಾಡಿಸಿ. ಟಕ್ ಟಕ್ ಎಂದರೆ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಬೇರಿಂಗ್ ಸಡಿಲವಾಗಿದೆ. ಆಗ ಎಂಜಿನ್ನನ್ನು ಎರಡು ಹೋಳು ಮಾಡಿ, ಕ್ರ್ಯಾಂಕ್ ಬಿಚ್ಚಿ, ಹೊಸ ರಾಡ್ ಕೂರಿಸಿ, ಓಲಾಟವಿಲ್ಲದಂತೆ ಜೋಡಿಸಬೇಕು. ಈ ಕೆಲಸ ಬಲ್ಲ ಹಳೆಯ ಮೆಕ್ಯಾನಿಕ್‌ಗಳು ಮೈಸೂರಿನಲ್ಲಿ ಇನ್ನೂ ಇದ್ದಾರೆ, ಅದು ನಮ್ಮ ಅದೃಷ್ಟ.

ಮಾರುವವರು ಒಪ್ಪಿದರೆ ಸಿಲಿಂಡರ್ ಹೆಡ್ಡನ್ನೂ ತೆಗೆಸಿ ನೋಡಿ. ಬೋರ್ ಮಾಡಿಸಿ, ಅಂದರೆ ಸವೆದ ಸಿಲಿಂಡರಿನ ಒಳಮೈಯನ್ನು ಕೊರೆದು ಅಗಲಿಸಿ, ದೊಡ್ಡ ಪಿಸ್ಟನ್ ಹಾಕಿದ್ದರೆ ಅದು ಎಷ್ಟು ಮಿಲಿಮೀಟರ್ ದೊಡ್ಡದು ಎಂದು ನೆತ್ತಿಯ ಮೇಲೆ ಕೊರೆದಿರುತ್ತದೆ. 0.25 ಎಂದಿದ್ದರೆ ಮುಂದೆ ಇನ್ನೂ ಬೋರ್ ಮಾಡಿಸಲು ಅವಕಾಶವಿದೆ. 1.00 ಎಂದಿದ್ದರೆ ಆ ಸಿಲಿಂಡರಿನ ಆಯುಸ್ಸು ಹೆಚ್ಚುಕಡಿಮೆ ಮುಗಿದಂತೆ, ಬೇರೆ ಲೈನರ್ (ಸಿಲಿಂಡರಿನ ಒಳಗಿನ ಕೊಳವೆ) ಹಾಕಿಸಬೇಕಾಗುತ್ತದೆ.

[ಚಾಮುಂಡಿ ಬೆಟ್ಟದ ರಸ್ತೆ]

ಓಡಿಸಿ ನೋಡುವಾಗ ಅರಮನೆ ಸುತ್ತ ಒಂದು ಸುತ್ತು ಸಾಲದು. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಬೆಟ್ಟ ಹತ್ತಿ. ಎಂಜಿನ್ ಕಿರುಚಿದರೂ ಗಾಡಿ ಏರದಿದ್ದರೆ ಕ್ಲಚ್ ಜಾರುತ್ತಿದೆ. ಇಳಿಯುವಾಗ ಆಕ್ಸಿಲರೇಟರ್ ಬಿಡಿ, ಗೇರ್ ತಾನಾಗಿಯೇ ಹಾರಿ ಬಿದ್ದರೆ ಗೇರ್ ಬಾಕ್ಸ್ ಬಿಚ್ಚುವ ಕೆಲಸ ಕಾದಿದೆ. ಕೆಳಗೆ ಬಂದು ಎಂಜಿನ್ ನಿಲ್ಲಿಸಿ, ಒಂದು ಕಾಫಿ ಕುಡಿದು, ಮತ್ತೆ ಒದೆಯಿರಿ. ಬಿಸಿಯಲ್ಲಿ ಚಾಲೂ ಆಗಲು ಸತಾಯಿಸುವ ಯೆಜ್ಡಿ ಸಿಗ್ನಲಿನಲ್ಲಿ ನಿಮ್ಮ ಮಾನ ಕಳೆಯುತ್ತದೆ.

ರೋಡ್‌ಕಿಂಗ್ ತೆಗೆದುಕೊಳ್ಳಬಹುದಲ್ಲ ಎನ್ನುವವರಿಗೆ: 16 ಅಶ್ವಶಕ್ತಿಯ ಅದರ ಓಟಕ್ಕೆ ಕ್ಲಾಸಿಕ್ ಸಾಟಿಯಲ್ಲ, ನಿಜ. ಆದರೆ ಮೊದಲ ಹಳೆಯ ಬೈಕ್ ಕೊಳ್ಳುವವನಿಗೆ ನಾನು ಕ್ಲಾಸಿಕ್ ಎನ್ನುತ್ತೇನೆ. ಅದರ ಸ್ವಭಾವ ಸಾಧು, ತಪ್ಪಿದ್ದನ್ನು ಸಹಿಸಿಕೊಳ್ಳುತ್ತದೆ.

[ಆರ್‌ಸಿ ಪುಸ್ತಕ, ಸಂಖ್ಯೆಗಳನ್ನು ಮಸುಕಾಗಿಸಿ]

ಇನ್ನು ಕಾಗದ. ಎಂಜಿನ್ ನಂಬರು, ಚಾಸಿಸ್ ನಂಬರು ಎರಡನ್ನೂ ಬಟ್ಟೆಯಿಂದ ಒರೆಸಿ ಆರ್‌ಸಿ ಜೊತೆ ಅಂಕಿ ಅಂಕಿಯಾಗಿ ಹೋಲಿಸಿ. ಅಂಗಡಿಯ ಬೈಕಿನ ಎಂಜಿನ್ ನಂಬರು ಆರ್‌ಸಿಯಲ್ಲಿ ಇರುವುದಲ್ಲ. ಬೇರೆ ಎಂಜಿನ್ ಕೂರಿಸಿದ್ದಾರೆ, ಆರ್‌ಟಿಒದಲ್ಲಿ ನಮೂದಿಸಿಲ್ಲ. ನನ್ನ ಮಟ್ಟಿಗೆ ವ್ಯಾಪಾರ ಅಲ್ಲಿಗೇ ನಿಂತಿತು.

ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ 5 ವರ್ಷಕ್ಕೊಮ್ಮೆ ನವೀಕರಣ. 20 ವರ್ಷ ದಾಟಿದ ಬೈಕುಗಳಿಗೆ ಈ ಶುಲ್ಕವನ್ನು ಕೇಂದ್ರ ಸರ್ಕಾರ 2025ರಲ್ಲಿ 2000 ರೂಪಾಯಿಗೆ ಏರಿಸಿದೆ, ಹಸಿರು ತೆರಿಗೆ ಬೇರೆ. ಹಳೆಯ ಮೂರಕ್ಷರದ ನಂಬರಾದರೆ ಸರ್ಕಾರದ ನೋಂದಣಿ ದಾಖಲೆಗಳಿರುವ ವಾಹನ್ ಜಾಲತಾಣದಲ್ಲಿ ಹಾಕಿ ನೋಡಿ. ವಿವರ ಬರದಿದ್ದರೆ ಮೂಲ ಆರ್‌ಟಿಒದಲ್ಲಿ ಹಳೆಯ ದಾಖಲೆ ಹುಡುಕಿಸಿ ಕಂಪ್ಯೂಟರಿಗೆ ಏರಿಸಬೇಕು, ಅದಕ್ಕೆ ಚಪ್ಪಲಿ ಸವೆಯುತ್ತದೆ. "50 ವರ್ಷ ಆಗಿದೆ, ವಿಂಟೇಜ್ ಮಾಡಿಸಿ" ಎಂದು ಯಾರಾದರೂ ಪುಸಲಾಯಿಸಿದರೆ ನೆನಪಿಡಿ, 2021ರ ನಿಯಮದ ಪ್ರಕಾರ ವಿಂಟೇಜ್ ನೋಂದಣಿಯ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ.

ಹಳ್ಳಿಯ ಬೈಕಿನ ನಂಬರುಗಳು ಸರಿಯಾಗಿವೆ. ತೊಡಕು ಬೇರೆಯೇ: ಆರ್‌ಸಿ ಇರುವುದು ತೀರಿಕೊಂಡ ಅಣ್ಣನ ಹೆಸರಿನಲ್ಲಿ. ಯಜಮಾನರು ಮೊದಲು ಮರಣ ಪ್ರಮಾಣಪತ್ರ ಕೊಟ್ಟು, ಅಣ್ಣನ ಮಕ್ಕಳ ಒಪ್ಪಿಗೆ ಪಡೆದು, ಫಾರಂ 31ರಲ್ಲಿ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಆಮೇಲೆಯೇ ಕೊಂಡವರ ಹೆಸರಿಗೆ ವರ್ಗಾಯಿಸುವ ಫಾರಂ 29 ಮತ್ತು 30ಕ್ಕೆ ಸಹಿ.

ನನ್ನ ಸೋದರಳಿಯನಿಗೆ ಹೇಳಿದ್ದು ಇಷ್ಟು: ಪಾಂಡವಪುರದ್ದನ್ನು ತೆಗೆದುಕೋ. ಸೀಲು, ಸೀಟು, ನವೀಕರಣದ ಖರ್ಚನ್ನು ಬೆಲೆಯಲ್ಲಿ ಇಳಿಸಿ ಕೇಳು. ಹೆಸರು ಬದಲಾಗುವವರೆಗೆ ಮುಂಗಡ ಕೊಡಬೇಡ, ಯಜಮಾನರು ಎಷ್ಟೇ ಒಳ್ಳೆಯವರಾಗಿರಲಿ, ಅಣ್ಣನ ಮಕ್ಕಳನ್ನು ನೀನು ಇನ್ನೂ ನೋಡಿಲ್ಲ. ಇನ್ನು ಮಂಡಿ ಮೊಹಲ್ಲಾದವರು ಫೋನ್ ಮಾಡಿ ಬೆಲೆ ಇಳಿಸುತ್ತೇವೆ ಎಂದರೆ, ಎಂಜಿನ್ ಬದಲಾವಣೆಯನ್ನು ಆರ್‌ಸಿಯಲ್ಲಿ ಬರೆಸಿ ತೋರಿಸಿ, ಆಮೇಲೆ ಬೆಲೆಯ ಮಾತು ಎನ್ನು.