ಅರ್ಧ ಗಂಟೆಯ ಆಯಸ್ಸಿನ ಕಿಣ್ವ

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಮಾತಾಡುವುದು ಒಂದೇ ಒಂದು ಬ್ಯಾಂಡ್ ಬಗ್ಗೆ. ವೆಸ್ಟರ್ನ್ ಬ್ಲಾಟ್‌ನಲ್ಲಿ, ಅಂದರೆ ಪ್ರೋಟೀನುಗಳನ್ನು ಜೆಲ್‌ನಲ್ಲಿ ತೂಕದ ಪ್ರಕಾರ ಬೇರ್ಪಡಿಸಿ ಆಂಟಿಬಾಡಿಯಿಂದ ಗುರುತಿಸುವ ಪರೀಕ್ಷೆಯಲ್ಲಿ, ತೂಕ ತೋರಿಸುವ 50 ಕಿಲೋಡಾಲ್ಟನ್ ಗುರುತಿನ ಹತ್ತಿರ, ಅದಕ್ಕಿಂತ ತುಸು ಮೇಲೆ ಕಾಣಬೇಕಾದ ಪಟ್ಟಿ. ಅದು ಆರ್ನಿಥೀನ್ ಡಿಕಾರ್ಬಾಕ್ಸಿಲೇಸ್ ಎಂಬ ಕಿಣ್ವದ್ದು. ಲ್ಯಾಬ್‌ನಲ್ಲಿ ಒ.ಡಿ.ಸಿ. ಅನ್ನುತ್ತೇವೆ.

ನಮ್ಮ ಕೋಶಗಳಲ್ಲಿ ಪ್ಯೂಟ್ರೆಸಿನ್, ಸ್ಪರ್ಮಿಡಿನ್, ಸ್ಪರ್ಮಿನ್ ಎಂಬ ಪುಟ್ಟ ಅಣುಗಳಿವೆ. ಇವೇ ಪಾಲಿಅಮೈನ್‌ಗಳು. 1678ರಲ್ಲಿ ಲೇವೆನ್‌ಹುಕ್ ವೀರ್ಯದಲ್ಲಿ ಕಂಡ ಹರಳುಗಳು ಸ್ಪರ್ಮಿನ್‌ನವು. ಇವು ಕಡಿಮೆಯಾದರೆ ಕೋಶ ಬೆಳೆಯುವುದಿಲ್ಲ, ಜಾಸ್ತಿಯಾದರೆ ಕೋಶಕ್ಕೇ ಕುತ್ತು. ಇವನ್ನು ತಯಾರಿಸುವ ಮೊದಲ ಹೆಜ್ಜೆ ಒ.ಡಿ.ಸಿ.ಯದು. ಆರ್ನಿಥೀನ್‌ನಿಂದ ಪ್ಯೂಟ್ರೆಸಿನ್ ಮಾಡುತ್ತದೆ.

ಅದರ ಆಯಸ್ಸು ತೀರಾ ಕಡಿಮೆ. ಅರ್ಧ ಗಂಟೆಯೊಳಗೆ ಅರ್ಧದಷ್ಟು ಮಾಯ. ಪಾಲಿಅಮೈನ್ ಹೆಚ್ಚಿದರೆ ಕೋಶ ಆಂಟಿಜೈಮ್ ಎಂಬ ಪ್ರೋಟೀನನ್ನು ಮಾಡಿಕೊಳ್ಳುತ್ತದೆ. ಪ್ರೋಟೀನು ಕಟ್ಟುವ ರೈಬೋಸೋಮ್ ಅದರ ಆರ್‌ಎನ್‌ಎ ಸಂದೇಶವನ್ನು ಓದುವಾಗ ಒಂದು ಅಕ್ಷರ ಮುಂದೆ ಜಿಗಿದರೆ ಮಾತ್ರ ಇದು ಪೂರ್ತಿ ತಯಾರಾಗುವುದು. ಎಂಥ ಸೊಗಸಾದ ಏರ್ಪಾಡು, ಅಲ್ವಾ? ಈ ಆಂಟಿಜೈಮ್ ಒ.ಡಿ.ಸಿ.ಯನ್ನು ಹಿಡಿದು, ಪ್ರೋಟೀನುಗಳನ್ನು ಚೂರು ಮಾಡುವ ಪ್ರೋಟಿಯಾಸೋಮ್‌ಗೆ ಒಪ್ಪಿಸುತ್ತದೆ. ಇದಕ್ಕೆ ಸಾಮಾನ್ಯವಾಗಿ ಬೇಕಾಗುವ ಯುಬಿಕ್ವಿಟಿನ್ ಎಂಬ ಗುರುತುಚೀಟಿ ಅಂಟಿಸುವ ಗೋಜೇ ಇಲ್ಲ.

ಇಷ್ಟು ಬೇಗ ಕರಗುವುದನ್ನು, ಅದಕ್ಕೇ ಅಂಟಿಕೊಳ್ಳುವ ಆಂಟಿಬಾಡಿಯಿಂದ ಹಿಡಿಯಬೇಕು. ನಾನು ಮೊದಲ ಸಲ ಮಾಡಿದಾಗ ದಪ್ಪನೆಯ, ಚಂದದ ಬ್ಯಾಂಡ್ ಬಂತು. ಇಲಿಯ ಅಂಗಾಂಶ, ಇಲಿಯಲ್ಲೇ ಬೆಳೆಸಿದ ಆಂಟಿಬಾಡಿ. ಮೂರು ವಾರ ಅದನ್ನೇ ನಂಬಿಕೊಂಡಿದ್ದೆ. ಆಮೇಲೆ ಒಂದು ದಿನ ಒ.ಡಿ.ಸಿ.ಯನ್ನು ಹಿಡಿಯುವ ಪ್ರೈಮರಿ ಆಂಟಿಬಾಡಿ ಹಾಕದೆ, ಆ ಪ್ರೈಮರಿಯನ್ನು ಹಿಡಿದು ಬ್ಯಾಂಡ್ ತೋರಿಸುವ ಸೆಕೆಂಡರಿಯನ್ನಷ್ಟೇ ಹಾಕಿ ನೋಡಿದೆ. ಅದೇ ಜಾಗ, ಅದೇ ಬ್ಯಾಂಡ್! ಅಂಗಾಂಶದಲ್ಲಿ ಉಳಿದ ರಕ್ತದಲ್ಲಿ ಇಲಿಯದೇ ಇಮ್ಯುನೋಗ್ಲೋಬ್ಯುಲಿನ್, ಅಂದರೆ ಅದರ ಸ್ವಂತ ಆಂಟಿಬಾಡಿ ಇತ್ತು. ಅದರ ದೊಡ್ಡ ತುಂಡಾದ ಹೆವಿ ಚೈನ್ ಕೂಡ ಸುಮಾರು 50 ಕಿಲೋಡಾಲ್ಟನ್. ಸೆಕೆಂಡರಿ ಹಿಡಿದದ್ದು ಅದನ್ನು. ಅವತ್ತು ಹೊಟ್ಟೆಯಲ್ಲಿ ಸಂಕಟವಾಯಿತು.

ಅಂದಿನಿಂದ ಹೋಲಿಕೆಗೆಂದು ಎರಡು ಲೇನ್, ಅಂದರೆ ಸ್ಯಾಂಪಲ್ ಓಡುವ ಸಾಲು, ಇಲ್ಲದೆ ನಾನು ಜೆಲ್ ಓಡಿಸುವುದಿಲ್ಲ. ಒಂದು, ಪ್ರೋಟಿಯಾಸೋಮನ್ನು ತಡೆಯುವ ಎಂಜಿ-132 ಕೊಟ್ಟ ಕೋಶಗಳದ್ದು. ಪ್ರೋಟಿಯಾಸೋಮ್ ನಿಂತರೆ ಒ.ಡಿ.ಸಿ. ಶೇಖರವಾಗಿ ಬ್ಯಾಂಡ್ ಗಾಢವಾಗಬೇಕು. ಇನ್ನೊಂದು, ಒ.ಡಿ.ಸಿ. ಜೀನ್ ತೆಗೆದ ಕೋಶಗಳದ್ದು. ಅವುಗಳಿಗೆ ಪ್ಯೂಟ್ರೆಸಿನ್ ಉಣಿಸಿ ಸಾಕಬೇಕು, ಸ್ವಲ್ಪ ರಗಳೆ. ಆದರೆ ಅಲ್ಲೂ ಬ್ಯಾಂಡ್ ಕಂಡರೆ ಆ ಆಂಟಿಬಾಡಿ ಬೇರೇನನ್ನೋ ಹಿಡಿಯುತ್ತಿದೆ. ಸ್ಯಾಂಪಲ್ ಐಸ್ ಮೇಲೆ ಇರಲಿ ಅನ್ನುವುದನ್ನು ಬೇರೆ ಹೇಳಬೇಕಿಲ್ಲ.

ಇನ್ನೊಂದು ಮಾತು. ಮನುಷ್ಯರ ಒ.ಡಿ.ಸಿ.ಯಲ್ಲಿ 461 ಅಮೈನೋ ಆಮ್ಲಗಳಿವೆ. ಪ್ರೋಟಿಯಾಸೋಮ್‌ಗೆ ಸಿಕ್ಕಿಕೊಳ್ಳುವ ಬಾಲ ಇರುವುದು ಕೊನೆಯಲ್ಲಿ. 2018ರಲ್ಲಿ ವರದಿಯಾದ ಬಾಕ್ಮನ್-ಬಪ್ ಸಿಂಡ್ರೋಮ್‌ನಲ್ಲಿ ಜೀನಿನ ಒಂದು ಪ್ರತಿಯಿಂದ ಬರುವ ಕಿಣ್ವಕ್ಕೆ ಈ ಬಾಲದ ತುದಿ ಇರುವುದಿಲ್ಲ. ಹಾಗಾಗಿ ಅದು ಕರಗದೆ ತುಂಬಿಕೊಳ್ಳುತ್ತದೆ. ಮಗುವಿನ ಕೂದಲು ಉದುರುತ್ತದೆ, ಬೆಳವಣಿಗೆ ಹಿಂದುಳಿಯುತ್ತದೆ. ಒ.ಡಿ.ಸಿ.ಯನ್ನು ತಡೆಯುವ ಎಫ್ಲೋರ್ನಿಥೀನ್ ಕೊಟ್ಟಾಗ ಕೂದಲು ಮತ್ತೆ ಬೆಳೆದದ್ದೂ ವರದಿಯಾಗಿದೆ.

ಈಗ ಯೋಚಿಸಿ. ಆ ತುದಿಯ ತುಣುಕು ಕೊಟ್ಟು ಬೆಳೆಸಿದ ಆಂಟಿಬಾಡಿಯನ್ನು ಇಂಥ ಮಗುವಿನ ಸ್ಯಾಂಪಲ್ ಮೇಲೆ ಹಾಕಿದರೆ? ಕೋಶದ ತುಂಬ ಕಿಣ್ವ ಇದ್ದರೂ ಲೇನ್ ಹೆಚ್ಚುಕಮ್ಮಿ ಖಾಲಿ ಕಾಣುತ್ತದೆ. ಅದಕ್ಕೇ ಡೇಟಾಶೀಟ್ ಕೈಗೆ ಬಂದ ಕೂಡಲೇ ನಾನು ಇಮ್ಯುನೋಜೆನ್, ಅಂದರೆ ಆಂಟಿಬಾಡಿ ಬೆಳೆಸಲು ಕೊಟ್ಟ ತುಣುಕು ಯಾವುದು ಎಂಬ ಸಾಲಿನ ಮೇಲೆ ಬೆರಳಿಟ್ಟು ಓದುತ್ತೇನೆ. ಅಲ್ಲಿ ಸಿ-ಟರ್ಮಿನಲ್, ಅಂದರೆ ಪ್ರೋಟೀನಿನ ಕೊನೆಯ ತುದಿ ಅಂತ ಇದ್ದರೆ, ಆ ಮಕ್ಕಳ ಸ್ಯಾಂಪಲ್‌ಗೆ ಆ ಟ್ಯೂಬ್ ತರಿಸಬೇಡಿ.