‘ಎ’ ಗ್ರೇಡ್ ಶಾಲೆ ಅಂದ್ರೆ ಚೆನ್ನಾಗಿ ಕಲಿಸೋ ಶಾಲೆನಾ? ವೇಕ್ ಕೌಂಟಿಗೆ ಮನೆ ಮಾಡೋ ಮುಂಚೆ ಇದನ್ನ ನೋಡಿ

ನಮಸ್ಕಾರ. ನಮ್ಮ ವೀಕ್ಷಕರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. ಯಜಮಾನರಿಗೆ ನಾರ್ತ್ ಕೆರೊಲಿನಾದ ರಿಸರ್ಚ್ ಟ್ರಯಾಂಗಲ್ ಪಾರ್ಕಿನಲ್ಲಿ ಕೆಲಸ ಸಿಕ್ಕಿದೆಯಂತೆ. ಇಬ್ಬರು ಮಕ್ಕಳು. ದೊಡ್ಡವಳು ಮೂರನೇ ಕ್ಲಾಸು, ಚಿಕ್ಕವನಿಗೆ ಇನ್ನೂ ಐದು ತುಂಬಬೇಕು. ಅಲ್ಲಿನ ವೇಕ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ) ಎರಡು ಮನೆ ನೋಡಿಟ್ಟಿದ್ದಾರೆ. ಒಂದು ಮನೆಗೆ ಸೇರಿದ ಶಾಲೆಗೆ ‘ಎ’ ಗ್ರೇಡ್, ಇನ್ನೊಂದಕ್ಕೆ ‘ಸಿ’. ‘ಎ’ ಕಡೆ ಬಾಡಿಗೆ ತುಂಬಾ ಜಾಸ್ತಿ. ಅವರು ಕೇಳಿದ್ದು ಇಷ್ಟೇ: "ಆ ಜಾಸ್ತಿ ದುಡ್ಡು ಕೊಟ್ಟರೆ ನಮ್ಮ ಮಕ್ಕಳು ಜಾಸ್ತಿ ಕಲಿಯುತ್ತಾರಾ?"

ಬಾಡಿಗೆ ಕರಾರಿಗೆ ಸಹಿ ಹಾಕುವ ಮುಂಚೆ ಎಲ್ಲರೂ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಉತ್ತರ ಆ ‘ಎ’ ಅಕ್ಷರದಲ್ಲಿ ಸಿಗುವುದಿಲ್ಲ. ಆ ಗ್ರೇಡ್ ತೋರಿಸುವ ಶಾಲೆಯ ರಿಪೋರ್ಟ್ ಕಾರ್ಡ್ ಪುಟದಲ್ಲೇ ಇನ್ನೊಂದು ಅಂಕಿ ಇರುತ್ತದೆ, ಅಲ್ಲಿ ಸಿಗುತ್ತದೆ. ಆ ಅಂಕಿ ಹುಟ್ಟಿದ ಕಥೆ ದನದ ಕೊಟ್ಟಿಗೆಯಿಂದ ಶುರುವಾಗುತ್ತದೆ. ಅಲ್ಲಿಗೆ ಬರುತ್ತೇನೆ.

ಮೊದಲು ಬೇಸಿಕ್ಸ್ ಬೇಗ ಮುಗಿಸೋಣ. ಪಬ್ಲಿಕ್ ಸ್ಕೂಲಿಗೆ, ಅಂದರೆ ಇಲ್ಲಿನ ಸರ್ಕಾರಿ ಶಾಲೆಗೆ, ಫೀಸ್ ಇಲ್ಲ. ಎಚ್-4 ವೀಸಾದಲ್ಲಿರುವ, ಅಂದರೆ ಕೆಲಸದ ವೀಸಾದವರ ಜೊತೆ ಬಂದ, ಮಕ್ಕಳಿಗೂ ಇಲ್ಲ. ಮನೆ ಎಲ್ಲಿದೆಯೋ ಅದರ ಮೇಲೆ ಶಾಲೆ. ನಾರ್ತ್ ಕೆರೊಲಿನಾದಲ್ಲಿ 100 ಕೌಂಟಿಗಳಿವೆ, 115 ಶಾಲಾ ಡಿಸ್ಟ್ರಿಕ್ಟ್‌ಗಳಿವೆ, ಅಂದರೆ ಶಾಲೆಗಳನ್ನು ನಡೆಸುವ ಆಡಳಿತಗಳು. ಹೆಚ್ಚಿನ ಕಡೆ ಒಂದು ಕೌಂಟಿಗೆ ಒಂದೇ ಡಿಸ್ಟ್ರಿಕ್ಟ್. ವೇಕ್ ಕೌಂಟಿಯೂ ಹಾಗೇ. ಸುಮಾರು 1.6 ಲಕ್ಷ ಮಕ್ಕಳು, ಹತ್ತಿರ ಹತ್ತಿರ 200 ಶಾಲೆಗಳು, ಎಲ್ಲಕ್ಕೂ ಒಂದೇ ಆಡಳಿತ. ಪಕ್ಕದ ಆರೆಂಜ್ ಕೌಂಟಿಯಲ್ಲಿ ಎರಡು ಡಿಸ್ಟ್ರಿಕ್ಟ್ ಇವೆ. ಚಾಪೆಲ್ ಹಿಲ್-ಕಾರ್ಬರೋದ್ದು ಬೇರೆ, ಉಳಿದ ಕೌಂಟಿಯದ್ದು ಬೇರೆ.

[ಪರದೆ ಮೇಲೆ: ಕ್ಯಾರಿ, ಮಾರಿಸ್‌ವಿಲ್, ಏಪೆಕ್ಸ್ ಮ್ಯಾಪ್, ಕೌಂಟಿ ಗಡಿ ಕೆಂಪು ಗೆರೆಯಲ್ಲಿ]

ಈ ಮ್ಯಾಪ್ ಒಂದು ನಿಮಿಷ ನೋಡಿ. ನಮ್ಮವರು ಜಾಸ್ತಿ ಇರುವುದು ಈ ಮೂರು ಊರಲ್ಲಿ. ಕ್ಯಾರಿ ಊರಿನ ಬಹುಪಾಲು ವೇಕ್ ಕೌಂಟಿಯಲ್ಲಿದೆ. ಆದರೆ ಪಶ್ಚಿಮದ ಅಂಚು ಚಾಥಮ್ ಕೌಂಟಿಗೆ ದಾಟುತ್ತದೆ. ಮಾರಿಸ್‌ವಿಲ್‌ನ ಒಂದು ತುಂಡು ಡರಮ್ ಕೌಂಟಿಯಲ್ಲಿದೆ. ಅಂದರೆ ಅಡ್ರೆಸ್‌ನಲ್ಲಿ ‘ಕ್ಯಾರಿ’ ಅಂತ ಇದ್ದ ಮಾತ್ರಕ್ಕೆ ವೇಕ್ ಕೌಂಟಿ ಶಾಲೆ ಅಂತ ಲೆಕ್ಕ ಹಾಕಬೇಡಿ. ಮನೆ ನಂಬರ್ ಹಾಕಿ ಕೌಂಟಿ ಯಾವುದು ಅಂತ ಮೊದಲು ಖಚಿತ ಮಾಡಿಕೊಳ್ಳಿ.

ಈಗ ಗ್ರೇಡ್ ವಿಷಯ. 2013ರಲ್ಲಿ ರಾಜ್ಯ ಒಂದು ಕಾನೂನು ಮಾಡಿತು, ಪ್ರತಿ ಶಾಲೆಗೂ ‘ಎ’ಯಿಂದ ‘ಎಫ್’ವರೆಗೆ ಗ್ರೇಡ್ ಕೊಡಬೇಕು ಅಂತ. ಲೆಕ್ಕ ಹೀಗೆ: 80 ಪರ್ಸೆಂಟ್ ‘ಅಚೀವ್‌ಮೆಂಟ್’, ಅಂದರೆ ಮುಖ್ಯವಾಗಿ ಮಕ್ಕಳು ಪರೀಕ್ಷೆಯಲ್ಲಿ ಎಷ್ಟು ತೆಗೆದರು ಅನ್ನುವುದು. 20 ಪರ್ಸೆಂಟ್ ‘ಗ್ರೋತ್’, ಅಂದರೆ ಹೋದ ವರ್ಷ ಇದ್ದಲ್ಲಿಂದ ಎಷ್ಟು ಮುಂದೆ ಬಂದರು ಅನ್ನುವುದು. ಒಟ್ಟು 85 ದಾಟಿದರೆ ‘ಎ’. 55ರಿಂದ 69 ಆದರೆ ‘ಸಿ’.

[ಪರದೆ ಮೇಲೆ: ಎರಡು ಶಾಲೆ, ಅಂಕಿ ಒಂದೊಂದಾಗಿ ಮೂಡಲಿ]

ಒಂದು ಲೆಕ್ಕ ಮಾಡಿ ನೋಡೋಣ. ಇವು ನಿಜವಾದ ಶಾಲೆಗಳಲ್ಲ, ಅರ್ಥವಾಗಲಿ ಅಂತ ನಾನೇ ಹಾಕಿದ ಅಂಕಿಗಳು. ಮೊದಲ ಶಾಲೆಗೆ ಅಚೀವ್‌ಮೆಂಟ್ 92, ಗ್ರೋತ್ 65. 92ರ 80 ಪರ್ಸೆಂಟ್ 73.6, 65ರ 20 ಪರ್ಸೆಂಟ್ 13. ಒಟ್ಟು 86.6. ‘ಎ’ ಗ್ರೇಡ್! ಎರಡನೇ ಶಾಲೆಗೆ ಅಚೀವ್‌ಮೆಂಟ್ 62, ಗ್ರೋತ್ 92. 49.6ಕ್ಕೆ 18.4 ಕೂಡಿಸಿದರೆ 68. ‘ಸಿ’ ಗ್ರೇಡ್.

ಈಗ ಗ್ರೋತ್ ಮಾತ್ರ ನೋಡಿ. ಇಲ್ಲಿ 70ಕ್ಕಿಂತ ಕಡಿಮೆ ಬಂದರೆ ‘ನಿರೀಕ್ಷೆಯಷ್ಟು ಬೆಳೆದಿಲ್ಲ’ ಅಂತ. 85 ದಾಟಿದರೆ ‘ನಿರೀಕ್ಷೆ ಮೀರಿ ಬೆಳೆದಿದ್ದಾರೆ’ ಅಂತ. ಅಂದರೆ ‘ಎ’ ಶಾಲೆಯ ಮಕ್ಕಳು ಆ ವರ್ಷ ಕಲಿಯಬೇಕಾದಷ್ಟು ಕಲಿತಿಲ್ಲ. ‘ಸಿ’ ಶಾಲೆಯ ಮಕ್ಕಳು ಅಂದುಕೊಂಡದ್ದಕ್ಕಿಂತ ಜಾಸ್ತಿ ಕಲಿತಿದ್ದಾರೆ. ಆದರೂ ಬಾಡಿಗೆ ಜಾಸ್ತಿ ಇರುವುದು ‘ಎ’ ಕಡೆಗೆ.

ಇದು ಹೇಗಾಯಿತು? ಪರೀಕ್ಷೆಯ ಅಂಕ ಬರೀ ಶಾಲೆಯಿಂದ ಬರುವುದಿಲ್ಲ. ಮನೆಯಲ್ಲಿ ಪುಸ್ತಕ ಇದೆಯಾ, ಅಪ್ಪ ಅಮ್ಮ ಎಷ್ಟು ಓದಿದ್ದಾರೆ, ಟ್ಯೂಷನ್‌ಗೆ ಹಾಕುವ ಶಕ್ತಿ ಇದೆಯಾ, ಇದೆಲ್ಲ ಆ ಅಂಕದೊಳಗೆ ಸೇರಿರುತ್ತದೆ. ಇಂಜಿನಿಯರುಗಳೇ ತುಂಬಿರುವ ಬಡಾವಣೆಯ ಮಕ್ಕಳು ಶಾಲೆಗೆ ಕಾಲಿಡುವ ಹೊತ್ತಿಗೇ ಮುಂದಿರುತ್ತಾರೆ. ಆ ಬಡಾವಣೆಗೆ ಯಾರು ಮನೆ ಮಾಡಿದ್ದಾರೆ ಅನ್ನುವುದನ್ನು ಅಚೀವ್‌ಮೆಂಟ್ ಅಂಕ ಚೆನ್ನಾಗಿ ಹೇಳುತ್ತದೆ. ಶಾಲೆ ಏನು ಮಾಡಿತು ಅನ್ನುವುದನ್ನು ಅಷ್ಟಾಗಿ ಹೇಳುವುದಿಲ್ಲ.

ಹಾಗಾದರೆ ಮನೆಯ ಪಾಲು ಎಷ್ಟು, ಶಾಲೆಯ ಪಾಲು ಎಷ್ಟು ಅಂತ ಬಿಡಿಸುವುದು ಹೇಗೆ? ಇಲ್ಲಿ ದನದ ಕೊಟ್ಟಿಗೆಗೆ ಹೋಗೋಣ. ನನಗೆ ತುಂಬಾ ಇಷ್ಟವಾದ ಭಾಗ ಇದು, ಸ್ವಲ್ಪ ಸಮಯ ಕೊಡಿ.

ಊರಲ್ಲಿ ಸೀಮೆಹಸು ಸಾಕಿದವರಿಗೆ ಇದು ಗೊತ್ತಿರುತ್ತದೆ. ಹಸುವಿಗೆ ಗಬ್ಬದ ಇಂಜೆಕ್ಷನ್ ಕೊಡಿಸುವಾಗ ಯಾವ ಹೋರಿಯದ್ದು ಅನ್ನುವುದು ಮುಖ್ಯ. ಬೆಂಗಳೂರಿನ ಹತ್ತಿರ ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ್ದೇ ಒಂದು ಸಂಸ್ಥೆ ಇದೆ, ಹೋರಿಗಳನ್ನು ಸಾಕಿ ವೀರ್ಯದ ಕಡ್ಡಿ ತಯಾರು ಮಾಡುವುದೇ ಅದರ ಕೆಲಸ. ಒಳ್ಳೆ ಹೋರಿ ಯಾವುದು ಅಂತ ತಿಳಿಯುವುದು ಹೇಗೆ? ಹೋರಿ ಹಾಲು ಕೊಡುವುದಿಲ್ಲ ಅಲ್ವಾ. ಅದರ ಹೆಣ್ಣು ಕರುಗಳು ದೊಡ್ಡವಾಗಿ, ಕರು ಹಾಕಿ, ಹಾಲು ಕೊಟ್ಟಾಗಲೇ ಗೊತ್ತಾಗುವುದು.

ಆದರೆ ತೊಡಕು ಇಲ್ಲೇ. ಒಂದು ಹೋರಿಯ ಮಗಳು ನೀರಾವರಿ ಇರುವವರ ಕೊಟ್ಟಿಗೆಯಲ್ಲಿದ್ದಾಳೆ. ಹಸಿಮೇವು, ಹಿಂಡಿ, ಬೂಸಾ, ಯಾವುದಕ್ಕೂ ಕೊರತೆ ಇಲ್ಲ. ದಿನಕ್ಕೆ 20 ಲೀಟರ್. ಇನ್ನೊಂದು ಹೋರಿಯ ಮಗಳು ಮಳೆ ನಂಬಿದ ಮನೆಯಲ್ಲಿ ಒಣ ರಾಗಿಹುಲ್ಲು ತಿಂದು 12 ಲೀಟರ್ ಕೊಡುತ್ತಾಳೆ. ಮೊದಲ ಹೋರಿ ಉತ್ತಮ ಅಂತ ಹೇಳಿಬಿಡೋಕೆ ಆಗುತ್ತಾ? ಆಗುವುದಿಲ್ಲ. ಆ 20 ಲೀಟರಿನಲ್ಲಿ ಹೋರಿಯ ಪಾಲು ಎಷ್ಟೋ, ಹಿಂಡಿಯ ಪಾಲು ಎಷ್ಟೋ.

ಇದನ್ನು ಬಿಡಿಸುವ ಗಣಿತ ಕಟ್ಟಿದವರು ಕಾರ್ನೆಲ್ ವಿಶ್ವವಿದ್ಯಾಲಯದ ಚಾರ್ಲ್ಸ್ ಹೆಂಡರ್ಸನ್. ಸಾವಿರಾರು ಕೊಟ್ಟಿಗೆಗಳ ಲೆಕ್ಕ ಒಟ್ಟಿಗೆ ಹಾಕು. ಒಂದೇ ಕೊಟ್ಟಿಗೆಯಲ್ಲಿ ಬೇರೆ ಬೇರೆ ಹೋರಿಯ ಮಕ್ಕಳು ಹೇಗಿವೆ ನೋಡು. ಒಂದೇ ಹೋರಿಯ ಮಕ್ಕಳು ಬೇರೆ ಬೇರೆ ಕೊಟ್ಟಿಗೆಯಲ್ಲಿ ಹೇಗಿವೆ ನೋಡು. ಹೀಗೆ ಮಾಡುತ್ತಾ ಹೋದರೆ ಮೇವಿನ ಪಾಲು ಬೇರೆ, ಹೋರಿಯ ಪಾಲು ಬೇರೆ ಆಗುತ್ತಾ ಬರುತ್ತದೆ.

[ಪರದೆ ಮೇಲೆ: ಟೆನೆಸಿ ಮ್ಯಾಪ್, ನಾಕ್ಸ್ ಕೌಂಟಿ]

ಈಗ ಟೆನೆಸಿ ರಾಜ್ಯಕ್ಕೆ ಬನ್ನಿ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಸ್ಯಾಂಡರ್ಸ್ ಅಂತ ಕೃಷಿ ಸಂಖ್ಯಾಶಾಸ್ತ್ರಜ್ಞರಿದ್ದರು. 1980ರ ದಶಕದ ಶುರುವಿನಲ್ಲಿ ಶಿಕ್ಷಕರ ಕೆಲಸವನ್ನು ಮಕ್ಕಳ ಅಂಕದಿಂದ ಅಳೆಯಬಹುದಾ ಅಂತ ರಾಜ್ಯದಲ್ಲಿ ದೊಡ್ಡ ಚರ್ಚೆ ನಡೆದಿತ್ತು. ಸ್ಯಾಂಡರ್ಸ್‌ಗೆ ಇದು ತಮ್ಮ ಕ್ಷೇತ್ರದ್ದೇ ಲೆಕ್ಕ ಅಂತ ಕಂಡಿತು. ನಾಕ್ಸ್ ಕೌಂಟಿ ಶಾಲೆಗಳ ಅಂಕ ತೆಗೆದುಕೊಂಡು ಪರೀಕ್ಷಿಸಿದರು. ಕೊಟ್ಟಿಗೆಯ ಜಾಗದಲ್ಲಿ ಆ ಮಗುವಿನ ಹಿಂದಿನ ವರ್ಷಗಳ ಅಂಕವನ್ನೇ ಇಟ್ಟರು. ಹಿಂದಿನ ಅಂಕದಲ್ಲಿ ಮನೆಯ ಪ್ರಭಾವ ಆಗಲೇ ಸೇರಿರುತ್ತದೆ ಅಲ್ವಾ? ಹಾಗಾಗಿ ಈ ಮಗು ಈ ವರ್ಷ ಇಲ್ಲಿಗೆ ಬರಬೇಕು ಅಂತ ಒಂದು ಅಂದಾಜು ಸಿಗುತ್ತದೆ. ಶಾಲೆಯ ಮಕ್ಕಳೆಲ್ಲ ಸೇರಿ ಆ ಅಂದಾಜು ದಾಟಿದರಾ, ಹಿಂದೆ ಬಿದ್ದರಾ? ಅದೇ ಗ್ರೋತ್.

1992ರಲ್ಲಿ ಟೆನೆಸಿ ಇದನ್ನು ಕಾನೂನಿಗೇ ಸೇರಿಸಿತು. 2000ದಲ್ಲಿ ಸ್ಯಾಂಡರ್ಸ್ ಎಸ್‌ಎಎಸ್ ಅನ್ನುವ ಸಾಫ್ಟ್‌ವೇರ್ ಕಂಪನಿ ಸೇರಿದರು. ಅಲ್ಲಿ ಅವರ ಲೆಕ್ಕಕ್ಕೆ ‘ಇವಾಸ್’ ಅಂತ ಹೆಸರಾಯಿತು. ನಾರ್ತ್ ಕೆರೊಲಿನಾ ಶಾಲೆಗಳ ಗ್ರೋತ್ ಅಂಕ ಬರುವುದು ಇದರಿಂದಲೇ. ಎಸ್‌ಎಎಸ್ ಕಂಪನಿಯ ಮುಖ್ಯ ಕಚೇರಿ ಎಲ್ಲಿದೆ ಗೊತ್ತಾ? ಕ್ಯಾರಿಯಲ್ಲಿ! ನೀವು ಮನೆ ಹುಡುಕುತ್ತಿರುವ ಊರಿನಲ್ಲೇ.

ಹಾಗಂತ ಇದು ದೇವರ ಪ್ರಸಾದ ಅಂತ ಕಣ್ಣಿಗೊತ್ತಿಕೊಳ್ಳಬೇಡಿ. ಒಂದು ವರ್ಷದ ಗ್ರೋತ್ ಅಂಕ ಏರುಪೇರಾಗುತ್ತದೆ. ಚಿಕ್ಕ ಶಾಲೆಗಳಲ್ಲಿ ಇನ್ನೂ ಜಾಸ್ತಿ. ಒಬ್ಬೊಬ್ಬ ಶಿಕ್ಷಕರನ್ನು ಇಂಥ ಲೆಕ್ಕದಿಂದ ಅಳೆಯುವಾಗ ತುಂಬಾ ಎಚ್ಚರ ಇರಲಿ ಅಂತ ಅಮೆರಿಕದ ಸಂಖ್ಯಾಶಾಸ್ತ್ರಜ್ಞರ ಸಂಘವೇ 2014ರಲ್ಲಿ ಹೇಳಿದೆ. ನಾವು ನೋಡುತ್ತಿರುವುದು ಇಡೀ ಶಾಲೆಯದ್ದು, ಆದರೂ ಕನಿಷ್ಠ ಮೂರು ವರ್ಷದ್ದು ಸಾಲಾಗಿ ನೋಡಿ. ಮೂರೂ ವರ್ಷ ‘ನಿರೀಕ್ಷೆ ಮೀರಿ’ ಅಂತ ಇದ್ದರೆ ಆ ಶಾಲೆಯಲ್ಲಿ ಏನೋ ಒಳ್ಳೆಯದು ನಡೆಯುತ್ತಿದೆ ಅಂತ ನಂಬಬಹುದು.

ಬಡ ಮಕ್ಕಳಿರುವ ಕಡೆ ಗ್ರೋತ್ ಚೆನ್ನಾಗಿ ಬರುವುದು ಕನಸಿನ ಮಾತೇನಲ್ಲ. ಸ್ಟ್ಯಾನ್‌ಫರ್ಡ್‌ನ ಶಾನ್ ರಿಯರ್ಡನ್ ಅವರು ದೇಶದ ಡಿಸ್ಟ್ರಿಕ್ಟ್‌ಗಳ ಅಂಕಗಳನ್ನು ಒಟ್ಟುಗೂಡಿಸಿ ನೋಡಿದಾಗ, ಶಿಕಾಗೋ ಮಕ್ಕಳು ಮೂರನೇ ಕ್ಲಾಸಿನಿಂದ ಎಂಟರವರೆಗಿನ ಐದು ವರ್ಷದಲ್ಲಿ ಸುಮಾರು ಆರು ವರ್ಷದಷ್ಟು ಕಲಿಯುತ್ತಿದ್ದರು. ಬರೀ ಅಂಕ ನೋಡಿದವರಿಗೆ ಇದು ಕಾಣಿಸುತ್ತಿರಲಿಲ್ಲ.

ಸರಿ, ಗ್ರೋತ್ ನೋಡಿ ಶಾಲೆ ಆರಿಸಿದಿರಿ ಅಂತಿಟ್ಟುಕೊಳ್ಳಿ. ಆ ಶಾಲೆಯಲ್ಲಿ ನಿಮ್ಮ ಮಗುವಿಗೆ ಸೀಟು ಇದೆಯಾ?

ವೇಕ್ ಕೌಂಟಿಯಲ್ಲಿ ಇದನ್ನು ಕೇಳಲೇಬೇಕು. ಜನ ಬಂದು ತುಂಬುವ ವೇಗಕ್ಕೆ ಶಾಲೆ ಕಟ್ಟುವುದು ಸಾಲುತ್ತಿಲ್ಲ. ಅದಕ್ಕೆ ತುಂಬಿ ತುಳುಕುವ ಶಾಲೆಗಳಿಗೆ ‘ಕ್ಯಾಪ್’, ಅಂದರೆ ಮಕ್ಕಳ ಸಂಖ್ಯೆಗೆ ಮಿತಿ, ಹಾಕುತ್ತಾರೆ. ಕ್ಯಾಪ್ ಹಾಕಿದ ಮೇಲೆ ಆ ಏರಿಯಾಗೆ ಹೊಸದಾಗಿ ಬಂದವರ ಮಕ್ಕಳನ್ನು ‘ಓವರ್‌ಫ್ಲೋ’ ಶಾಲೆಗೆ ಕಳಿಸಬಹುದು. ಶಾಲೆಯ ಎದುರಿನ ಮನೆಯನ್ನೇ ಹಿಡಿದಿದ್ದರೂ ಅಷ್ಟೇ. ಮನೆ ಜಾಹೀರಾತಿನಲ್ಲಿ ಹಾಕುವುದು ಆ ಏರಿಯಾದ ಶಾಲೆಯ ಹೆಸರು ಮಾತ್ರ. ನಿಮ್ಮ ಮಗು ಬಸ್ ಹತ್ತಿ ಹೋಗುವ ಶಾಲೆ ಬೇರೆ ಇರಬಹುದು. ಹೊಸದಾಗಿ ಬರುವ ನಮ್ಮ ಕುಟುಂಬಗಳಿಗೆ ಇದರಿಂದ ಆಗುವ ನೋವು ದೊಡ್ಡದು. ಸಾಲ ಮಾಡಿ ಮನೆ ತಗೊಂಡ ಮೇಲೆ ಗೊತ್ತಾದರೆ ಏನು ಮಾಡೋಕೆ ಆಗುತ್ತೆ ಹೇಳಿ?

ಮಾಡಬೇಕಾದ್ದು ಇಷ್ಟು: ಡಿಸ್ಟ್ರಿಕ್ಟ್ ವೆಬ್‌ಸೈಟಿನಲ್ಲಿ ಅಡ್ರೆಸ್ ಹಾಕಿ ಹುಡುಕುವ ಜಾಗ ಇದೆ. ಅಲ್ಲಿ ನಿಮ್ಮ ‘ಬೇಸ್ ಸ್ಕೂಲ್’ ಯಾವುದು ಅಂತ ತೋರಿಸುತ್ತದೆ. ಅದಕ್ಕೆ ಕ್ಯಾಪ್ ಇದೆಯಾ ನೋಡಿ. ಇದ್ದರೆ ಓವರ್‌ಫ್ಲೋ ಶಾಲೆಯ ಗ್ರೋತ್ ಕೂಡ ನೋಡಿ, ಯಾಕೆಂದರೆ ಸದ್ಯಕ್ಕೆ ನಿಮ್ಮ ಶಾಲೆ ಅದೇ ಆಗಬಹುದು. ಅದೂ ಚೆನ್ನಾಗಿದ್ದರೆ ನಿಶ್ಚಿಂತೆ.

ಇನ್ನೊಂದು, ಕ್ಯಾಲೆಂಡರ್. ವೇಕ್ ಕೌಂಟಿಯ ಕೆಲವು ಶಾಲೆಗಳು ‘ಇಯರ್-ರೌಂಡ್’. 45 ದಿನ ಪಾಠ, 15 ದಿನ ರಜೆ, ಹೀಗೆ ವರ್ಷಪೂರ್ತಿ. ಮಕ್ಕಳನ್ನು ನಾಲ್ಕು ‘ಟ್ರ್ಯಾಕ್’ ಮಾಡಿ, ಮೂರು ಟ್ರ್ಯಾಕ್ ಒಳಗಿದ್ದಾಗ ಒಂದಕ್ಕೆ ರಜೆ. ಹೀಗೆ ಮಾಡಿದರೆ ಒಂದೇ ಕಟ್ಟಡದಲ್ಲಿ ಜಾಸ್ತಿ ಮಕ್ಕಳು ಹಿಡಿಸುತ್ತಾರೆ. ಇದರಿಂದ ಪಾಠಕ್ಕೇನೂ ಕೊರತೆ ಇಲ್ಲ. ಆದರೆ ಬೇಸಿಗೆಯಲ್ಲಿ ಎರಡು ತಿಂಗಳು ಊರಿಗೆ ಬಂದು ಅಜ್ಜಿ ಮನೆಯಲ್ಲಿ ಇರುವ ಲೆಕ್ಕಾಚಾರ ನಡೆಯುವುದಿಲ್ಲ. ಸಿಗುವುದು ಮೂರು ಮೂರು ವಾರದ ತುಂಡು ರಜೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರಾದರೆ ಆ ವಾರಗಳಲ್ಲಿ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಅನ್ನುವುದನ್ನೂ ಈಗಲೇ ಯೋಚಿಸಿ.

ಟೈಮ್ ಆಗ್ತಾ ಬಂತು, ಉಳಿದದ್ದನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ಚಿಕ್ಕವನಿಗೆ ಕಿಂಡರ್‌ಗಾರ್ಟನ್ ಸೇರಲು ಆಗಸ್ಟ್ 31ರ ಒಳಗೆ ಐದು ತುಂಬಿರಬೇಕು. ಸೆಪ್ಟೆಂಬರ್‌ನಲ್ಲಿ ತುಂಬಿದರೆ ಸಾಮಾನ್ಯವಾಗಿ ಮುಂದಿನ ವರ್ಷವೇ. ದೊಡ್ಡವಳ ಮೂರನೇ ಕ್ಲಾಸ್ ಇಲ್ಲಿ ಮುಖ್ಯವಾದ ವರ್ಷ. ವರ್ಷದ ಕೊನೆಯ ರಾಜ್ಯ ಪರೀಕ್ಷೆ ಶುರುವಾಗುವುದು ಆಗಲೇ, ಪ್ರತಿಭಾವಂತ ಮಕ್ಕಳನ್ನು ಗುರುತಿಸುವ ಪರೀಕ್ಷೆಯೂ ಆಗಲೇ. ಆದಷ್ಟೂ ವರ್ಷದ ಶುರುವಿನಲ್ಲೇ ಸೇರಿಸಿ. ಫಾರ್ಮ್‌ನಲ್ಲಿ ಮನೆಮಾತು ಯಾವುದು ಅಂತ ಕೇಳುತ್ತಾರೆ, ಧೈರ್ಯವಾಗಿ ಕನ್ನಡ ಅಂತಲೇ ಬರೆಯಿರಿ. ಒಂದು ಇಂಗ್ಲಿಷ್ ಪರೀಕ್ಷೆ ಕೊಡುತ್ತಾರೆ, ಚೆನ್ನಾಗಿ ಮಾಡಿದರೆ ಅಲ್ಲಿಗೇ ಮುಗಿಯಿತು. ಮಾಡದಿದ್ದರೆ ಮಗುವಿಗೆ ಸಹಾಯ ಸಿಗುತ್ತದೆ, ಅದೂ ಒಳ್ಳೆಯದೇ.

ಲಸಿಕೆ ದಾಖಲೆ ಮರೆಯಬೇಡಿ. ಸೀತಾಳೆ ಸಿಡುಬಿನ ಲಸಿಕೆ ನಮ್ಮ ಸರ್ಕಾರದ ಲಸಿಕೆ ಪಟ್ಟಿಯಲ್ಲಿಲ್ಲ, ಇಲ್ಲಿ ಕೇಳುತ್ತಾರೆ. ಊರಲ್ಲೇ ಹಾಕಿಸಿ, ಡಾಕ್ಟರ ಸಹಿ ಸೀಲು ತಗೊಂಡು ಬನ್ನಿ. ಮಗು ಶಾಲೆಗೆ ಹೋದ ಮೊದಲ ದಿನದಿಂದ 30 ದಿನದೊಳಗೆ ಲಸಿಕೆ ದಾಖಲೆ ಮತ್ತು ಆರೋಗ್ಯ ತಪಾಸಣೆ ಫಾರ್ಮ್ ಎರಡೂ ಕೊಡಬೇಕು.

ಪ್ರಶ್ನೆ ಕಳಿಸಿದ ಅಮ್ಮನಿಗೆ ನನ್ನ ಮಾತು ಇದು. ‘ಸಿ’ ಶಾಲೆಯ ಗ್ರೋತ್ ಮೂರು ವರ್ಷ ಸತತವಾಗಿ ಮೇಲಿದ್ದು, ಕ್ಯಾಪ್ ಇಲ್ಲದಿದ್ದರೆ, ನಾನಾಗಿದ್ದರೆ ಆ ಮನೆಯನ್ನೇ ಹಿಡಿಯುತ್ತಿದ್ದೆ. ಮೊದಲ ವರ್ಷ ಬಾಡಿಗೆಗೇ ಇರಿ, ಶಾಲೆ ನೋಡಿ, ಆಮೇಲೆ ಕೊಳ್ಳುವುದು ಯೋಚಿಸಿ. ‘ಎ’ ಶಾಲೆಯ ಗ್ರೋತ್ ಕೂಡ ಚೆನ್ನಾಗಿದ್ದರೆ ಬಾಡಿಗೆ ನಿಮ್ಮ ಕೈಗೆಟಕುತ್ತಾ ಅನ್ನುವುದಷ್ಟೇ ಪ್ರಶ್ನೆ. ಎರಡೂ ಶಾಲೆಯ ಹೆಸರು ಕಳಿಸಿ, ರಿಪೋರ್ಟ್ ಕಾರ್ಡ್ ಪುಟ ತೆರೆದು ಯಾವ ಸಾಲು ಓದಬೇಕು ಅಂತ ಮುಂದಿನ ವಿಡಿಯೋದಲ್ಲಿ ತೋರಿಸುತ್ತೇನೆ.