ರಿಜಿಸ್ಟ್ರಿಗೆ ಕೈ ಹಾಕುವ ಮುಂಚೆ

ಕೇಳುಗರಿಗೆ ನಮಸ್ಕಾರ.

ನಮ್ಮ ಉಡುಪಿ, ಮಣಿಪಾಲದ ಕಡೆ ಈಗ ಕಂಪ್ಯೂಟರ್ ಇಲ್ಲದ ಅಂಗಡಿ ಕಡಿಮೆ. ಜೆರಾಕ್ಸ್ ಅಂಗಡಿಯಲ್ಲಿ ನುಡಿ, ಲೆಕ್ಕ ಬರೆಯುವವರ ಹತ್ತಿರ ಟ್ಯಾಲಿ, ಮನೆಯಲ್ಲಿ ಮಕ್ಕಳ ಪ್ರಾಜೆಕ್ಟ್. ಮೆಷಿನ್ ಸ್ವಲ್ಪ ನಿಧಾನವಾಯಿತು ಅಂದರೆ ಯೂಟ್ಯೂಬ್ ನೋಡುತ್ತೇವೆ. ಅಲ್ಲಿ ಯಾರೋ "ರೆಜ್‌ಎಡಿಟ್ ತೆರೆಯಿರಿ, ಈ ಕೀ ಡಿಲೀಟ್ ಮಾಡಿ" ಅನ್ನುತ್ತಾರೆ. ದಯವಿಟ್ಟು ಅದಕ್ಕೆ ಮುಂಚೆ ಒಂದು ಕೆಲಸ ಮಾಡಿ. ಬ್ಯಾಕಪ್ ತೆಗೆಯಿರಿ.

ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಜಾಗವೇ ರಿಜಿಸ್ಟ್ರಿ. ಅದರೊಳಗೆ ಫೋಲ್ಡರಿನ ಹಾಗೆ ಇರುವ ಒಂದೊಂದು ವಿಭಾಗಕ್ಕೆ ಕೀ ಅನ್ನುತ್ತಾರೆ. ಯಾವ ಫೈಲು ಯಾವುದರಲ್ಲಿ ತೆರೆಯಬೇಕು, ಆನ್ ಮಾಡಿದಾಗ ಏನೇನು ಶುರುವಾಗಬೇಕು, ಇಂಥದ್ದು ಹೆಚ್ಚಾಗಿ ಅಲ್ಲೇ ಉಂಟು. ಅದನ್ನು ತಿದ್ದುವ ರೆಜ್‌ಎಡಿಟ್ ವಿಂಡೋಸ್ ಜೊತೆಗೇ ಬರುತ್ತದೆ. ಆದರೆ ಅದರಲ್ಲಿ ಸೇವ್ ಇಲ್ಲ, ಅನ್‌ಡೂ ಇಲ್ಲ. ಓಕೆ ಒತ್ತಿದಿರೋ, ಬದಲಾವಣೆ ಆಗಿಯೇ ಹೋಯಿತು.

ಹಾಗಾಗಿ ತಿದ್ದಬೇಕಾದ ಕೀ ಮೇಲೆ ಮೊದಲು ರೈಟ್ ಕ್ಲಿಕ್ ಮಾಡಿ, ಎಕ್ಸ್‌ಪೋರ್ಟ್ ಒತ್ತಿ. ಹೆಸರಿನಲ್ಲಿ ತಾರೀಕು ಹಾಕಿ ಸೇವ್ ಮಾಡಿ. ಡಾಟ್ ರೆಗ್ ಅನ್ನುವ ಫೈಲು ಸಿಗುತ್ತದೆ. ಅದನ್ನು ಡಬಲ್ ಕ್ಲಿಕ್ ಮಾಡಿದರೆ ಅದರಲ್ಲಿ ಇದ್ದದ್ದು ಮತ್ತೆ ರಿಜಿಸ್ಟ್ರಿಗೆ ಸೇರುತ್ತದೆ. ಅದು ಬರೀ ಅಕ್ಷರಗಳ ಫೈಲು, ನೋಟ್‌ಪ್ಯಾಡಿನಲ್ಲಿ ತೆರೆದು ಓದಬಹುದು. ಬೇರೆಯವರು ಕಳಿಸಿದ ರೆಗ್ ಫೈಲನ್ನೂ ಹಾಗೇ ಓದಿ, ಸುಮ್ನೆ ಡಬಲ್ ಕ್ಲಿಕ್ ಮಾಡಬೇಡಿ. ಚೌಕ ಕಂಸದೊಳಗೆ ಕೀ ಹೆಸರು ಶುರುವಾಗುವ ಮುಂಚೆ ಒಂದು ಮೈನಸ್ ಗುರುತು ಕಂಡರೆ, ಆ ಕೀ ಪೂರ್ತಿ ಅಳಿಸಿ ಹೋಗುತ್ತದೆ ಅಂತ ಅರ್ಥ.

ಎಕ್ಸ್‌ಪೋರ್ಟ್ ಮಾಡಿದರೆ ಎಲ್ಲ ಸುರಕ್ಷಿತ ಅಂತ ತುಂಬಾ ಜನ ನಂಬಿದ್ದಾರೆ. ಅದು ಅರ್ಧ ಮಾತ್ರ ನಿಜ. ವಿಂಡೋಸ್ 11ರಲ್ಲಿ ರೈಟ್ ಕ್ಲಿಕ್ ಮಾಡಿದರೆ ಚಿಕ್ಕ ಮೆನು ಬರುತ್ತದೆ ಅಲ್ವಾ? ಹಳೆಯ ಉದ್ದದ ಮೆನು ಬೇಕು ಅಂತ ಕೆಲವರು ರಿಜಿಸ್ಟ್ರಿಯಲ್ಲಿ ಹೊಸ ಕೀ ಸೇರಿಸುತ್ತಾರೆ. ಆಮೇಲೆ ಅದು ಬೇಡ ಅನಿಸಿತು, ಹಳೆಯ ರೆಗ್ ಫೈಲು ಡಬಲ್ ಕ್ಲಿಕ್ ಮಾಡಿದರು. ಮೆನು ಬದಲಾಗುವುದಿಲ್ಲ. ಯಾಕೆಂದರೆ ರೆಗ್ ಫೈಲು ತನ್ನಲ್ಲಿ ಇದ್ದದ್ದನ್ನು ಮತ್ತೆ ಬರೆಯುತ್ತದೆ ಅಷ್ಟೇ. ನೀವು ನಡುವೆ ಸೇರಿಸಿದ್ದನ್ನು ತೆಗೆಯುವುದಿಲ್ಲ. ಅದನ್ನು ನೀವೇ ಹುಡುಕಿ ಅಳಿಸಬೇಕು. ಅದಕ್ಕೇ ಏನು ಸೇರಿಸಿದಿರಿ ಅಂತ ಒಂದು ಚೀಟಿಯಲ್ಲಿ ಬರೆದಿಡಿ. ರೆಗ್‌ಶಾಟ್ ಅನ್ನುವ ಉಚಿತ ಟೂಲ್ ಕೂಡ ಉಂಟು. ತಿದ್ದುವ ಮುಂಚೆ ಒಮ್ಮೆ, ತಿದ್ದಿದ ಮೇಲೆ ಒಮ್ಮೆ ರಿಜಿಸ್ಟ್ರಿಯನ್ನು ದಾಖಲಿಸಿಕೊಂಡು, ಎಲ್ಲೆಲ್ಲಿ ಬದಲಾಗಿದೆ ಅಂತ ಪಟ್ಟಿ ಕೊಡುತ್ತದೆ.

ದೊಡ್ಡ ಬದಲಾವಣೆ ಇದ್ದರೆ ರಿಸ್ಟೋರ್ ಪಾಯಿಂಟ್, ಅಂದರೆ ವಿಂಡೋಸನ್ನು ಆ ದಿನದ ಸ್ಥಿತಿಗೆ ಮರಳಿಸಲು ಮಾಡಿಡುವ ದಾಖಲೆ, ಬೇಕೇ ಬೇಕು. ಎಷ್ಟೋ ಮೆಷಿನ್‌ಗಳಲ್ಲಿ ಇದು ಆಫ್ ಆಗಿರುತ್ತದೆ. ಇವತ್ತೇ ನೋಡಿ ಮಾರಾಯ್ರೇ. ಸರ್ಚಿನಲ್ಲಿ "ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್" ಅಂತ ಹಾಕಿ, ಸಿ ಡ್ರೈವ್ ಆರಿಸಿ, ಕಾನ್ಫಿಗರ್‌ನಲ್ಲಿ ಆನ್ ಮಾಡಿ, ಆಮೇಲೆ ಕ್ರಿಯೇಟ್ ಒತ್ತಿ. ಮೊದಲೆಲ್ಲ ವಿಂಡೋಸ್ ತಾನಾಗಿಯೇ ರೆಗ್‌ಬ್ಯಾಕ್ ಎಂಬ ಫೋಲ್ಡರಿನಲ್ಲಿ ರಿಜಿಸ್ಟ್ರಿಯ ನಕಲು ಇಡುತ್ತಿತ್ತು. ವಿಂಡೋಸ್ 10ರ 1803ನೇ ಆವೃತ್ತಿಯಿಂದ ಅದು ನಿಂತಿದೆ. ಫೋಲ್ಡರ್ ಈಗಲೂ ಇದೆ, ಒಳಗಿನ ಫೈಲುಗಳ ಗಾತ್ರ ಮಾತ್ರ ಸೊನ್ನೆ. ಅದನ್ನು ನಂಬಿ ಕೂರಬೇಡಿ.

ಮೆಷಿನ್ ಆನ್ ಆಗಲು ತಡವಾಗುತ್ತಿದ್ದರೆ ರಿಜಿಸ್ಟ್ರಿಗೆ ಹೋಗುವ ಅಗತ್ಯವೇ ಇಲ್ಲ. ಮೈಕ್ರೋಸಾಫ್ಟ್‌ನದೇ ಆಟೋರನ್ಸ್ ಅನ್ನುವ ಟೂಲ್ ಉಂಟು, ಉಚಿತ. ಬೇಡದ ಪ್ರೋಗ್ರಾಮಿನ ಎದುರಿನ ಟಿಕ್ ತೆಗೆದರೆ ಅದು ಶುರುವಾಗುವುದಿಲ್ಲ. ಬೇಕಾದಾಗ ಮತ್ತೆ ಟಿಕ್ ಹಾಕಿದರಾಯಿತು. ರಿಜಿಸ್ಟ್ರಿ ಕ್ಲೀನರ್‌ಗಳನ್ನು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ. ಸಾವಿರ ತಪ್ಪು ಸಿಕ್ಕಿತು ಅಂತ ಹೆದರಿಸುತ್ತವೆ, ಅಳಿಸಿದರೆ ವೇಗ ಹೆಚ್ಚುವುದಿಲ್ಲ. ಮೈಕ್ರೋಸಾಫ್ಟ್ ಕೂಡ ಅವುಗಳನ್ನು ಬೆಂಬಲಿಸುವುದಿಲ್ಲ.

ಇಷ್ಟಾದರೂ ಒಂದು ದಿನ ವಿಂಡೋಸ್ ಏಳದೆ ಹೋದರೆ ಗಾಬರಿಯಾಗಿ ಫಾರ್ಮ್ಯಾಟ್ ಮಾಡಿಸಬೇಡಿ. ಕೆಲವು ಸಲ ಬೂಟ್ ವಿಫಲವಾದ ಮೇಲೆ ನೀಲಿ ರಿಪೇರಿ ಪರದೆ ಬರುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸಿಸ್ಟಮ್ ರಿಸ್ಟೋರ್ ಹೀಗೆ ಹೋಗಿ, ನೀವು ಮಾಡಿಟ್ಟ ದಿನಾಂಕ ಆರಿಸಿ. ನಿಮ್ಮ ಫೋಟೋ, ಪತ್ರಗಳನ್ನು ಅದು ಮುಟ್ಟುವುದಿಲ್ಲ. ಆ ದಿನದ ನಂತರ ಹಾಕಿದ ಪ್ರೋಗ್ರಾಮುಗಳನ್ನು ಮತ್ತೆ ಹಾಕಬೇಕಾಗುತ್ತದೆ, ಅಷ್ಟೇ.

ನಮಸ್ಕಾರ.